ಬಾಬಾಜಾನ ಗೀರಿದ ಗೆರೆ

ಸವಣೂರಿನ ಬಾಬಾಜಾನ ಅಂಬಾಸಡರ್, ಫಿಯಾಟ್, ಹಳೆಯ ಪೆಟ್ರೋಲ್ ಜೀಪು ಎಲ್ಲವನ್ನೂ ಬಿಚ್ಚಿ ಕೂಡಿಸಿದವನು. ಆದರೂ ೧೯೮೬ರ ಬೇಸಿಗೆಯಲ್ಲಿ ಕುವೈತಿನಲ್ಲಿ ದುಡಿದು ಬಂದ ಶೇಖಸಾಬರು ಅಲ್ಲಿಂದ ತಂದ ಕಾರಿನ ಬಾನೆಟ್ ಎತ್ತಿ ಒಳಗಿನ ಕೊಳವೆಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಬೇಕಾಯಿತು. ಅದು ಟರ್ಬೊ ಇದ್ದ ಹಳೆಯ ಕಾರು. ಹೊರಹೋಗುವ ಹೊಗೆಯ ರಭಸಕ್ಕೆ ತಿರುಗುವ ಪುಟ್ಟ ಚಕ್ರವೊಂದು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತಿತ್ತು.

ಏರು ಹತ್ತುವಾಗ ಒಳಗೆ ಕಟಕಟ ಬಡಿಯುತ್ತದೆ ಎಂಬುದು ಶೇಖಸಾಬರ ದೂರು. ಕುವೈತಿನ ಪೆಟ್ರೋಲಿನ ಗುಣ ಇಲ್ಲಿಯದಕ್ಕಿರಲಿಲ್ಲ. ಅಷ್ಟು ಒತ್ತಡದಲ್ಲಿ ಇಲ್ಲಿಯ ಪೆಟ್ರೋಲು ಹೊತ್ತಿಗೆ ಮುಂಚೆಯೇ ಸಿಡಿಯುತ್ತಿತ್ತು. ಕಿಡಿ ತುಸು ತಡವಾಗಿ ಬೀಳಬೇಕಿತ್ತು. ಬಾಬಾಜಾನ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಕಿಡಿ ಬೀಳುವ ಹೊತ್ತು ತೋರಿಸುವ ಟೈಮಿಂಗ್ ಲೈಟು ಹಿಡಿದು ಕೂದಲೆಳೆಯಷ್ಟು ತಿರುಗಿಸಿದ. ಬಂಕಾಪುರದ ತನಕ ಓಡಿಸಿ ಕಿವಿಗೊಟ್ಟು ಕೇಳಿದ, ಬಂದು ಮತ್ತೆ ತಿರುಗಿಸಿದ. ಬಡಿತ ಪೂರ್ತಿ ನಿಂತ ಮೇಲೆ ಬೋಲ್ಟು ಬಿಗಿದು, ಡಿಸ್ಟ್ರಿಬ್ಯೂಟರಿನಿಂದ ಎಂಜಿನ್ನಿನ ಮೈವರೆಗೆ, ಯಾರಾದರೂ ತಿರುಗಿಸಿದರೆ ಗೊತ್ತಾಗಲೆಂದು, ಉಳಿಯಿಂದ ನೇರ ಗೆರೆ ಗೀರಿದ.

"ಗಾಡಿ ಎಳತ ಚೂರು ಕಡಿಮಿ ಅನಸ್ತೈತ್ರಿ, ಆದ್ರ ಎಂಜಿನ್ ಉಳಿತೈತಿ. ಇದನ್ನ ಯಾರಿಗೂ ಮುಟ್ಟಾಕ ಕೊಡಬ್ಯಾಡ್ರಿ," ಎಂದು ಶೇಖಸಾಬರಿಗೆ ಹೇಳಿದ.

ಪಕ್ಕದಲ್ಲಿ ಮಜೀದನಿದ್ದ. ಬಾಬಾಜಾನನ ಹೆಂಡತಿ ಖತೀಜಾಬಿಯ ತಮ್ಮ. ಬಾಬಾಜಾನನೇ ಕೆಲಸ ಕಲಿಸಿ ಗ್ಯಾರೇಜಿನಲ್ಲಿ ಪಾಲು ಕೊಟ್ಟಿದ್ದ. ಶೇಖಸಾಬರ ಮಗಳೊಂದಿಗೆ ಅವನ ನಿಕಾದ ಮಾತು ನಡೆದಿತ್ತು.

ಮುಂದಿನ ವಾರ ಶೇಖಸಾಬರು ನೆಂಟರನ್ನು ಕೂಡಿಸಿಕೊಂಡು ಹಿರೇಕೆರೂರಿಗೆ ಹೊರಟರು. ಅಕ್ಕಿಆಲೂರು ದಾಟುತ್ತಲೇ ಎಂಜಿನ್ ಕೈಕೊಟ್ಟಿತು. ಲಾರಿಗೆ ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸಿಕೊಂಡು ಬಂದರು. ಬಿಚ್ಚಿದರೆ ಪಿಸ್ಟನ್ ಕರಗಿ ತೂತು ಬಿದ್ದಿತ್ತು. ಗೀರಿದ ಗೆರೆಯ ಎರಡು ಭಾಗಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ.

"ಯಾರೋ ತಿರುವ್ಯಾರ್ರಿ ಇದನ್ನ," ಎಂದ ಬಾಬಾಜಾನ.

"ನಿನ್ನ ಬಿಟ್ಟು ಯಾರಿಗೆ ಬರತೈತಿ ಈ ಕೆಲಸ? ತಪ್ಪು ಮುಚ್ಚಾಕ ಗೆರಿ ತೋರಸ್ತಿ?" ಎಂದರು ಶೇಖಸಾಬರು.

ಮಜೀದ ಬೋಲ್ಟು ಬಿಚ್ಚುವ ಪಾನಾ ಒರೆಸುತ್ತ ನಿಂತಿದ್ದ.

ಸುದ್ದಿ ಪೇಟೆಯೆಲ್ಲ ಹಬ್ಬಿತು. ವರ್ಷಗಟ್ಟಲೆ ಬರುತ್ತಿದ್ದ ಗಾಡಿಗಳು ಗ್ಯಾರೇಜಿನ ಮುಂದೆಯೇ ಹಾದು ಶಿಗ್ಗಾಂವಿಗೆ ಹೋಗತೊಡಗಿದವು. ಬಾಬಾಜಾನನಿಗೆ ಊಟ ಸೇರದಾಯಿತು. ಒಂದು ಮಧ್ಯಾಹ್ನ ತಾಟಿನ ಮುಂದೆ ಕೂತು, "ನನ್ನ ಕೈಯಾಗ ಏನರ ತಪ್ಪಾತೇನೋ," ಎಂದ. ರೊಟ್ಟಿ ಬಡಿಯುತ್ತಿದ್ದ ಖತೀಜಾಬಿಯ ಕೈ ನಿಂತಿತು.

"ನಿಮ್ಮ ತಪ್ಪಲ್ಲ. ಮಜೀದ ತಿರುವಿದ್ದ. ಗಾಡಿ ಜೋರ್ ಓಡೂಹಂಗ ಮಾಡಿ ಆಗೂ ಮಾವಗ ತೋರಸಬೇಕಂತ ಆಸೆ ಅವಂಗ."

"ನಿನಗ ಯಾವಾಗಿಂದ ಗೊತ್ತೈತಿ?"

"ಗಾಡಿ ಕೆಟ್ಟ ದಿನಾನ ಬಂದು ಅತ್ತು ಹೇಳಿದ. ನಿಕಾ ಮುರಿತೈತಿ ಅಂತ ಸುಮ್ಮನಿದ್ದೆ."

ಊರು ಬೈದಾಗ ಆಗದಿದ್ದ ಸಂಕಟ ಅವನಿಗೆ ಆಗ ಆಯಿತು. ತಾಟು ಸರಿಸಿ ಗ್ಯಾರೇಜಿಗೆ ಬಂದು ಮಜೀದನನ್ನು ಎದುರಿಗೆ ಕೂರಿಸಿಕೊಂಡ. ಮಜೀದ ಕಾಲು ಹಿಡಿದ.

"ನಿಕಾ ಒಂದು ಆಗ್ಲಿ ಭಾವಾ. ಆಮ್ಯಾಲೆ ನಾನ ಮಾವಗ ಹೇಳ್ತೇನಿ."

ಬಾಬಾಜಾನ ಒಪ್ಪಿದ. ನಿಕಾದ ದಿನ ಬೀಗರ ಸಾಲಿನಲ್ಲಿ ಕೂತು, ಶೇಖಸಾಬರು ತನ್ನ ಸಲಾಮಿಗೆ ಮುಖ ತಿರುಗಿಸಿದ್ದನ್ನೂ ನುಂಗಿಕೊಂಡ. ಒಂದು ತಿಂಗಳು ಕಾದ, ಮಳೆಗಾಲ ಪೂರ್ತಿ ಕಾದ. ಆಮೇಲೆ ಮಜೀದ ಶಿಗ್ಗಾಂವಿನ ಹೈವೇ ಪಕ್ಕದಲ್ಲಿ ಮಾವನ ಜಾಗದಲ್ಲೇ ಸ್ವಂತ ಗ್ಯಾರೇಜು ತೆರೆದ. ಅಲ್ಲಿಗೆ ಹೋಗಿಬಂದ ಟ್ಯಾಕ್ಸಿ ಡ್ರೈವರನೊಬ್ಬ ಸಂಕೋಚದಿಂದಲೇ ಹೇಳಿದ: "'ಆ ಕುವೈತ ಗಾಡಿ ಟೈಮಿಂಗ್ ತಪ್ಪೈತಿ ಅಂತ ಭಾವಗ ನಾ ಮೊದಲ ಹೇಳಿದ್ದೆ, ಅಂವ ಕೇಳಲಿಲ್ಲ' ಅಂತಾನ್ರಿ ಮಜೀದ."

ಬಾಬಾಜಾನ ಅಂದೇ ಶೇಖಸಾಬರ ಮನೆಗೆ ಹೋಗಿ ನಡೆದದ್ದನ್ನು ಹೇಳಿದ. ಅವರು ಪೂರ್ತಿ ಕೇಳಿದರು.

"ಈಗ ಅಂವ ನನ್ನ ಅಳಿಯ," ಎಂದರು. "ನೀ ಅವತ್ತ ಹೇಳಬೇಕಿತ್ತು."

ಬಾಬಾಜಾನ ಗ್ಯಾರೇಜು ಮುಚ್ಚಿ, ಅಕ್ಕಿಆಲೂರಿನ ಗಿರಣಿಯೊಂದರಲ್ಲಿ ಡೀಸೆಲ್ ಎಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ವಾರಕ್ಕೊಮ್ಮೆ ಬಸ್ಸಿನಲ್ಲಿ ಸವಣೂರಿಗೆ ಬರುತ್ತಿದ್ದ. ಖತೀಜಾಬಿ ಬಡಿಸಿದ್ದನ್ನು ಉಣ್ಣುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಒಮ್ಮೆ ಅವಳು, "ಮಜೀದಗ ಮಗ ಹುಟ್ಟ್ಯಾನ, ನೋಡಾಕ ಹೋಗೂಣೇನ್ರಿ?" ಎಂದು ಕೇಳಿದಳು.

"ನೀ ಹೋಗಿ ಬಾ," ಎಂದು ಅವನು ಚಪ್ಪಲಿ ಮೆಟ್ಟಿಕೊಂಡು ಬಸ್ಟ್ಯಾಂಡಿನ ಕಡೆ ನಡೆದ.