ಕಿವಿಯಕ್ಕನ ತೀರ್ಪು

ಕ್ಯಾಮೆರಾ ಕಾರ್ಖಾನೆಯ ಶಟರ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ವೇಗ ಅಳೆಯುವ ಯಂತ್ರ ಪಕ್ಕದಲ್ಲೇ ಇತ್ತು, ಆದರೆ ಅದಕ್ಕೆ ಬಟ್ಟೆ ಹೊದಿಸಿಟ್ಟಿದ್ದರು. ಬೆಳಕು ಬಿಡಲು ಕ್ಷಣಾರ್ಧದಲ್ಲಿ ತೆರೆದು ಮುಚ್ಚಬೇಕಾದ ಶಟರನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಂದು ಸಲ ಕ್ಲಿಕ್ಕಿಸಿದರೆ ಸಾಕು, "ಪಾಸು" ಎನ್ನುತ್ತಿದ್ದಳು, ಇಲ್ಲವೇ "ತಡ" ಎನ್ನುತ್ತಿದ್ದಳು. ಇಪ್ಪತ್ತಾರು ವರ್ಷ ಅವಳ ಕೆಲಸ ಈ ಎರಡು ಮಾತಿನಲ್ಲೇ ನಡೆದಿತ್ತು. ಯಾರು ಜೋಡಿಸಿದ್ದು ಎಂಬುದನ್ನೂ ಸದ್ದಿನಲ್ಲೇ ಗುರುತಿಸುತ್ತಿದ್ದಳು. ತಂಗಿಯನ್ನು ಅದೇ ವಿಭಾಗಕ್ಕೆ ಸೇರಿಸಿದವಳೂ ಅವಳೇ. ತಂಗಿ ಜೋಡಿಸಿದ ಶಟರ್ ತಡವಾದರೆ ಅದನ್ನೂ ಮುಲಾಜಿಲ್ಲದೆ ವಾಪಸು ತಳ್ಳುತ್ತಿದ್ದಳು. ಅಂಥ ದಿನ ಮನೆಯಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಊಟ ಮಾಡುತ್ತಿದ್ದರು.

ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು, ಜನ ಕ್ಯಾಮೆರಾ ಕೊಳ್ಳುವುದನ್ನೇ ಬಿಟ್ಟರು. ಹನ್ನೊಂದು ಮಾದರಿ ಮಾಡುತ್ತಿದ್ದ ಕಾರ್ಖಾನೆ ಒಂದಕ್ಕೆ ಇಳಿಯಿತು. ಆ ಒಂದನ್ನು ಉಳಿಸಲು ಯೋಜನೆ ಅಧಿಕಾರಿ ಒಂದು ದಾರಿ ಹುಡುಕಿದ. ಎಪ್ಪತ್ತು ಚಿಲ್ಲರೆ ಬಿಡಿಭಾಗಗಳ ಶಟರನ್ನೇ ಕಿತ್ತುಹಾಕಿ, ಅದರ ಕೆಲಸವನ್ನು ಎಲೆಕ್ಟ್ರಾನಿಕ್ ಚಿಪ್‌ಗೆ ಬಿಟ್ಟು, ಸದ್ದಿಗೊಂದು ಪುಟ್ಟ ಸ್ಪೀಕರ್ ಇಡುವುದು. ವಿಭಾಗದ ಆರು ಜನ ಏನಾಗಬೇಕು ಎಂಬುದು ಅವನ ಕಾಗದದಲ್ಲಿ ಇರಲಿಲ್ಲ. ಈ ಕೆಲಸ ಬಿಟ್ಟರೆ ಅವರಿಗೆ ಬೇರೇನೂ ಬರುತ್ತಿರಲಿಲ್ಲ, ಸುತ್ತಮುತ್ತ ಇನ್ನೊಂದು ಕ್ಯಾಮೆರಾ ಕಾರ್ಖಾನೆಯೂ ಇರಲಿಲ್ಲ.

ಕಿವಿಯಕ್ಕ ನೇರವಾಗಿ ಯಜಮಾನರ ಕೋಣೆಗೆ ನುಗ್ಗಿದಳು.

"ಫೋನಲ್ಲಿ ಸಿಗೋದನ್ನೇ ನಾವೂ ಕೊಟ್ರೆ ನಮ್ಮ ಹತ್ರ ಯಾರು ಬರ್ತಾರೆ ಸರ್? ಈಗ್ಲೂ ತಗೊಳ್ಳೋ ನಾಲ್ಕು ಜನ ಬರೋದೇ ಈ ಸದ್ದಿಗೆ. ಅದನ್ನೂ ಸುಳ್ಳು ಮಾಡಿದ್ರೆ ಅವರೂ ಹೋಗ್ತಾರೆ."

ಯಜಮಾನರು ಕೆಟ್ಟವರಲ್ಲ, ದಿಕ್ಕು ತೋಚದವರು ಅಷ್ಟೆ. "ಸರಿಯಮ್ಮ, ಸೋಮವಾರ ಪರದೆ ಹಿಂದೆ ಶಟರ್, ಸ್ಪೀಕರ್ ಎರಡನ್ನೂ ಕೇಳಿಸ್ತೀವಿ. ನೀವೇ ತೀರ್ಪು ಕೊಡಿ. ಶಟರ್ ಗೆದ್ರೆ ವಿಭಾಗ ಉಳಿಯುತ್ತೆ" ಎಂದರು.

ಸ್ಪೀಕರಿನೊಳಗಿನ ಸದ್ದು ಎಲ್ಲಿಂದ ಬಂತು ಗೊತ್ತೇ? ತಿಂಗಳ ಹಿಂದೆ ಅಧಿಕಾರಿ ನಯವಾಗಿ ಬಂದು, ನಿಮ್ಮಷ್ಟು ಯಾರಿಗೂ ತಿಳಿಯಲ್ಲ, ಚೆನ್ನಾಗಿರುವುದೊಂದು ಆರಿಸಿಕೊಡಿ ಎಂದಿದ್ದ. ಇವಳು ಉಬ್ಬಿಹೋಗಿ ಮುನ್ನೂರು ಶಟರಿನ ಸದ್ದು ಕೇಳಿ, ಎಲ್ಲಕ್ಕಿಂತ ಒಳ್ಳೆಯದನ್ನು ಕೈಗಿತ್ತಿದ್ದಳು. ಯಾತಕ್ಕೆ ಎಂದು ಕೇಳಲೇ ಇಲ್ಲ. ಅವನು ಅದರ ಸದ್ದನ್ನೇ ರೆಕಾರ್ಡ್ ಮಾಡಿ ಸ್ಪೀಕರಿಗೆ ತುಂಬಿದ್ದ. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದು ಎಂದರೆ ಇದೇ.

ಸೋಮವಾರ ಬಂತು. ಪರದೆಯ ಹಿಂದೆ ಒಂದು ಸದ್ದು, ಸ್ವಲ್ಪ ಬಿಟ್ಟು ಇನ್ನೊಂದು.

ಮೊದಲನೆಯದು ನಿಜವಾದ ಶಟರ್ ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ಅದನ್ನು ಪಳಗಿಸಿಲ್ಲ ಎಂಬುದೂ ಗೊತ್ತಾಯಿತು. ಹೊಸ ಶಟರನ್ನು ನೂರು ಸಲ ಕ್ಲಿಕ್ಕಿಸಿ ಸಡಿಲಗೊಳಿಸದೆ ವಿಭಾಗದಲ್ಲಿ ಯಾರೂ ಅವಳ ಕಿವಿಗೆ ಒಯ್ಯುತ್ತಿರಲಿಲ್ಲ. ಅಧಿಕಾರಿಗೆ ಅದೆಲ್ಲ ಏನು ಗೊತ್ತು, ತಟ್ಟೆಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದಿದ್ದ. ಅದರ ಸದ್ದಿನ ಕೊನೆ ಕೂದಲೆಳೆಯಷ್ಟು ಎಳೆಯುತ್ತಿತ್ತು.

"ಯಾವುದಮ್ಮ ಪಾಸು?" ಯಜಮಾನರು ಕೇಳಿದರು.

"ಎರಡನೇದು. ಒಂದನೇದು ತಡ."

ಇಪ್ಪತ್ತಾರು ವರ್ಷದ ಅಭ್ಯಾಸ, ಮನಸ್ಸಿಗಿಂತ ಮುಂಚೆ ಬಾಯಿ ಓಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಸರ್, ತಡೀರಿ! ಒಂದನೇದೇ ನಮ್ದು. ಪಳಗಿಸಿಲ್ಲ ಅದನ್ನ. ಇನ್ನೊಂದು ತರ್ತೀನಿ, ಐದೇ ನಿಮಿಷ, ಕಾಲಿಗೆ ಬೀಳ್ತೀನಿ..."

"ನಿಮ್ಮ ಕಿವೀನೇ ಅದನ್ನ ಆರಿಸ್ತು ಅಂದ್ಮೇಲೆ ಗಿರಾಕಿ ಇನ್ನೇನು ಹೇಳ್ತಾನಮ್ಮ?" ಎಂದು ಯಜಮಾನರು ತಲೆ ತಗ್ಗಿಸಿದರು. ಅಧಿಕಾರಿ ಪರದೆ ಮಡಿಸತೊಡಗಿದ.

ವಿಭಾಗಕ್ಕೆ ಹಿಂತಿರುಗಿದಾಗ ಐದೂ ಜನ ಕೆಲಸ ನಿಲ್ಲಿಸಿ ಎದ್ದು ನಿಂತಿದ್ದರು. ಅವಳು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ತಂಗಿ ಹತ್ತಿರ ಬಂದಳು. "ಆ ಒಂದನೇದು ಯಾರು ಜೋಡಿಸಿದ್ದು ಅಕ್ಕ?"

"ನೀನೇ ಕಣೆ."

"ನಮ್ದು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಯಾಕಕ್ಕ ಹಾಗಂದೆ?"

ಕಿವಿಯಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ತಂಗಿಯ ಮುಖ ನೋಡಲಾಗಲಿಲ್ಲ.

"ತಡ ಆಗಿತ್ತು ಕಣೆ ಅದು" ಎಂದಳು.