ಕೊನೆಯ ಹದಿನಾರು ಪುಟ

ಗ್ರಂಥಾಲಯದಲ್ಲಿ ಅವಳನ್ನು ಎಲ್ಲರೂ ಅಂಟಿನಕ್ಕ ಎಂದೇ ಕರೆಯುತ್ತಿದ್ದರು. ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕಿಕೊಡುವುದು ಅವಳ ಕೆಲಸ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಮೈದಾ ಅಂಟು ಬೆಳ್ಳಗೆ ಉಳಿದಿರುತ್ತಿತ್ತು. ಕೌಂಟರಿನಲ್ಲಿ ಕೂತು ಪುಸ್ತಕಗಳಿಗೆ ತಾರೀಕು ಒತ್ತುತ್ತಿದ್ದವನಿಗೆ ಸ್ಟಾಂಪಣ್ಣ ಎಂದು ಹೆಸರಿಟ್ಟವಳು ಅವಳು. ಅದಕ್ಕೆ ಪ್ರತಿಯಾಗಿ ಅವನು ಇವಳಿಗೆ ಈ ಹೆಸರು ಅಂಟಿಸಿದ್ದ.

ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದರೂ ಇನ್ನೂ ಕಾಯಂ ಆಗಿರಲಿಲ್ಲ. ಗಂಡ ಲಾರಿ ಓಡಿಸುತ್ತಿದ್ದ. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿ, ಮಿಕ್ಕಂತೆ ಫೋನಿನಲ್ಲಿ. ಎರಡೂವರೆ ವರ್ಷದ ಮಗಳನ್ನು ಮೊದಲೆಲ್ಲ ಓರಗಿತ್ತಿಯ ಮನೆಯಲ್ಲಿ ಬಿಡುತ್ತಿದ್ದಳು. ಒಂದು ದಿನ ಬೇಗ ಹೋದಾಗ ಮಗು ಬೀಗ ಹಾಕಿದ ಕೋಣೆಯಲ್ಲಿ ಬಾಗಿಲಿಗೆ ಕೆನ್ನೆ ಒತ್ತಿಕೊಂಡು ಮಲಗಿತ್ತು. "ನಾನೂ ಅಡುಗೆ ಮಾಡಬೇಕಲ್ಲಮ್ಮ, ಒಲೆ ಹತ್ರ ಬಂದ್ರೆ?" ಎಂದಿದ್ದಳು ಓರಗಿತ್ತಿ. ತಪ್ಪೆನ್ನುವ ಹಾಗೂ ಇರಲಿಲ್ಲ. ಮಾರನೆಯ ದಿನದಿಂದ ಮಗು ಬೈಂಡಿಂಗ್ ಕೋಣೆಗೇ ಬಂತು. ಬಟ್ಟೆಚೂರುಗಳ ದೊಡ್ಡ ಬುಟ್ಟಿ ಅದರ ಆಟದ ಮನೆಯೂ ಆಯಿತು, ಹಾಸಿಗೆಯೂ ಆಯಿತು. ಗ್ರಂಥಾಲಯದ ಸಾಹೇಬರು ಕಂಡೂ ಕಾಣದಂತೆ ಇದ್ದುಬಿಟ್ಟರು. "ಕೆಲಸದಲ್ಲಿ ತಪ್ಪು ಆಗದಿರೋ ತನಕ" ಎಂದಿದ್ದರು, ಅಷ್ಟೇ.

ಆ ಕೋಣೆಗೆ ಅಂಟಿಕೊಂಡೇ ಓದುವ ಹಾಲ್ ಇತ್ತು. ಶನಿವಾರ ಮಧ್ಯಾಹ್ನ ಅಲ್ಲಿ ಹತ್ತು ಹನ್ನೆರಡು ಜನ ಸೇರುತ್ತಿದ್ದರು, ಟೈಪಿಸ್ಟ್ ಮೇಡಂ ಮಾತು ಕೇಳಲು. ಮೇಡಂ ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿ ನಿವೃತ್ತರಾದವರು. ಮದುವೆ ಮಕ್ಕಳು ಇಲ್ಲ, ಪುಸ್ತಕವೇ ಸಂಸಾರ. ಹಳೆಯ ಅಮೆರಿಕನ್ ಕಾದಂಬರಿಗಳೆಂದರೆ ಪ್ರಾಣ. ಆ ಕಾದಂಬರಿಗಳಲ್ಲಿ ಸಣ್ಣ ಊರುಗಳೇ ಕೋರ್ಟು ಎನ್ನುತ್ತಿದ್ದರು. ಅಲ್ಲಿ ಊರಿನವರು ಯಾರನ್ನೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ, ನಿಲ್ಲಿಸಿ ನೋಡುತ್ತಾರೆ. ಆ ನೋಟದಲ್ಲೇ ಮನುಷ್ಯ ಅರ್ಧ ಸಾಯುತ್ತಾನೆ. ಇನ್ನು ನಿಜವಾಗಿ ತಪ್ಪು ಮಾಡಿದವನು ಗುಂಪಿನಲ್ಲೇ ನಿಂತು ತಾನೂ ನೋಡುತ್ತಿರುತ್ತಾನೆ.

ಅಂಟಿನಕ್ಕ ದಾರ ಎಳೆಯುತ್ತಾ ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆ ತಿಂಗಳು ಮೇಡಂ ತೆಗೆದುಕೊಂಡಿದ್ದ ಕಾದಂಬರಿಯನ್ನು ಹೊಸದಾಗಿ ಹೊಲಿದು ಕೊಟ್ಟವಳು ಅವಳೇ. ಹಿಟ್ಟಿನ ಗಿರಣಿಯ ಊರಿನ ಕತೆ. ಚಳಿಗಾಲದ ಹಿಟ್ಟೆಲ್ಲ ಕೆಡಿಸಿದವನೆಂದು ಗಿರಣಿಯ ಆಳೊಬ್ಬನ ಸೊಂಟಕ್ಕೆ ಊರವರು ಗಂಟೆ ಕಟ್ಟುತ್ತಾರೆ. ಒಂದು ಶನಿವಾರ ಅವಳು ತಡೆಯಲಾರದೆ ಬಾಗಿಲಿನಿಂದಲೇ ಕೇಳಿದಳು.

"ಮೇಡಂ, ಗಂಟೆ ಅಂದ್ರೆ ಗಂಟೆನೇ ತಾನೆ? ಅದಕ್ಕೆ ಇಷ್ಟೊಂದು ಅರ್ಥ ಯಾಕೆ?"

"ಮೊದಲನೇ ಪುಟದಲ್ಲಿ ಬರೀ ಗಂಟೆನೇ ಕಣಮ್ಮ. ಮುನ್ನೂರನೇ ಪುಟಕ್ಕೆ ಬರೋಷ್ಟರಲ್ಲಿ, ಅದರ ಸದ್ದು ಕೇಳಿದ್ರೆ ಊಟ ಸೇರಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕು ಸೂಜಿಗೆ ದಾರ ಪೋಣಿಸಿದಳು.

ಮೇಡಂ ಪುಸ್ತಕ ಹಿಂತಿರುಗಿಸಿದ ವಾರಕ್ಕೆ ಮುಂದಿನ ಓದುಗ ಬಂದು ಕೌಂಟರಿನ ಮೇಲೆ ಅದನ್ನು ಧೊಪ್ಪೆಂದು ಹಾಕಿದ. ಕತೆಯ ಕೊನೆಯೇ ಇಲ್ಲ. ಹದಿನಾರು ಪುಟ ಮಾಯ. ಸಾಹೇಬರು ಅಂಟಿನಕ್ಕನನ್ನು ಕರೆಸಿದರು. ಹಾಳೆ ಹರಿದಿದ್ದರೆ ಹೊಲಿಗೆಯ ಬುಡದಲ್ಲಿ ತುಂಡು ಉಳಿಯುತ್ತದೆ. ಇಲ್ಲಿ ಏನೂ ಉಳಿದಿರಲಿಲ್ಲ, ಅಷ್ಟು ಚೊಕ್ಕ. "ಬ್ಲೇಡಿನ ಕೆಲಸ ಅಲ್ವಾ?" ಎಂದರು. ಮಗು ಕೋಣೆಯಲ್ಲಿ ಒಂದೇ ಇತ್ತು, ಕತ್ತರಿ ಮೇಜಿನ ಮೇಲೇ ಇತ್ತು. ಅವಳು ಒಮ್ಮೆ ಬೆರಳಾಡಿಸಿ, "ಹೌದು ಸರ್, ಬ್ಲೇಡೇ. ಕೈ ಪಳಗಿದವರದ್ದು" ಎಂದು ಹೇಳಿ ಓಡಿದಳು.

ಆ ಒಂದು ಮಾತು ಸಾಕಾಯಿತು. ಪುಸ್ತಕ ಕೊನೆಗೆ ಒಯ್ದಿದ್ದವರು ಮೇಡಂ, ತಪ್ಪು ಅವರ ಮೇಲೇ ಬಂತು. ಮೇಡಂ ತಮ್ಮ ಪರವಾಗಿ ಹೇಳಿದ್ದು ಇಷ್ಟು: ಈ ಸಲ ತಮಗೆ ಬೇಕಿದ್ದುದು ನಡುವಿನ ಮೂರು ಅಧ್ಯಾಯ, ಕೊನೆಯನ್ನು ತೆರೆದೇ ನೋಡಲಿಲ್ಲ, ಅದು ತಮಗೆ ಬಾಯಿಪಾಠ. ಬಾಯಿಪಾಠ ಇರುವುದನ್ನು ಯಾಕಾದರೂ ಕತ್ತರಿಸಲಿ? ಸ್ಟಾಂಪಣ್ಣ ಸುಮ್ಮನಿರಬೇಕಲ್ಲ. "ಕಳ್ಳರ ಹೇಳಿಕೆ ಮೂವತ್ತು ವರ್ಷ ಟೈಪ್ ಮಾಡಿದ್ದಾರೆ. ಒಂದೆರಡು ಉಪಾಯ ಕೈಗೆ ಹತ್ತಿರಲ್ವಾ?" ಎಂದು ಕ್ಯೂನಲ್ಲಿ ನಿಂತವರೆಲ್ಲ ಕೇಳುವಂತೆ ಹೇಳಿದ.

ಆ ಗ್ರಂಥಾಲಯದ್ದೊಂದು ಪದ್ಧತಿ. ಪುಸ್ತಕ ಕೆಡಿಸಿದವರ ಹೆಸರನ್ನು ಹಳದಿ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಹೆಬ್ಬಾಗಿಲ ಬಳಿಯ ಗಾಜಿನ ಹಲಗೆಯಲ್ಲಿ ಒಂದು ವರ್ಷ ತೂಗುಹಾಕುವುದು. ಆ ಒಂದು ವರ್ಷ ಅವರಿಗೆ ಪುಸ್ತಕ ಇಲ್ಲ. ಹಾಲಿನಲ್ಲಿ ಪೇಪರ್ ಓದಬಹುದು, ಅಷ್ಟೇ. ರಟ್ಟು ಕತ್ತರಿಸುವುದು, ಬರೆಯುವುದು, ಹಲಗೆಯ ಬೀಗ ತೆಗೆದು ಹಾಕುವುದು ಎಲ್ಲ ಅಂಟಿನಕ್ಕನ ಕೆಲಸ. ಅವಳ ಅಕ್ಷರ ದುಂಡಗಿತ್ತು. ಮೇಡಂ ಹೆಸರನ್ನೂ ದುಂಡಗೇ ಬರೆದಳು. ಅಯ್ಯೋ ಪಾಪ ಅನ್ನಿಸಿತು. ಓದಿದವರೂ ಹೀಗೆ ಮಾಡಿದರೆ ಹೇಗೆ ಎಂದೂ ಅನ್ನಿಸಿತು.

ರಟ್ಟು ತೂಗುಹಾಕಿದ ನಾಲ್ಕನೆಯ ದಿನ ಮಗು ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಹಲಗೆಯ ಹಿಂದೆ ಕೂತು ಏನನ್ನೋ ಪರಪರ ಸುಲಿಯುತ್ತಿತ್ತು. ಪುಸ್ತಕ ಒತ್ತಲು ಬಳಸುತ್ತಿದ್ದ ಹಲಗೆ ಅದು. ಸೀಳು ಬಿಟ್ಟಿತೆಂದು ಎರಡು ತಿಂಗಳ ಹಿಂದೆ ಅವಳೇ ಪಕ್ಕಕ್ಕೆ ಇಟ್ಟಿದ್ದಳು. ಬಗ್ಗಿ ನೋಡಿದಳು. ಹಲಗೆಯ ಒಳಮೈಗೆ ಒಂದು ಫಾರಂ ಅಂಟಿಕೊಂಡಿತ್ತು. ಹದಿನಾರು ಪುಟದ ಒಂದು ಮಡಿಕೆಗೆ ಅವಳ ಕಸುಬಿನಲ್ಲಿ ಫಾರಂ ಎನ್ನುತ್ತಾರೆ. ಹಾಗೇ ಎರಡು ಸಾಲು ಓದಿದಳು. ಗಿರಣಿ, ಗಂಟೆ.

ಎಲ್ಲ ನೆನಪಾಯಿತು. ಮಗುವಿಗೆ ಜ್ವರವಿದ್ದ ದಿನ. ಎಡಗೈಯಲ್ಲಿ ತಟ್ಟುತ್ತಾ ಬಲಗೈಯಲ್ಲಿ ಫಾರಂ ಎಣಿಸಿದ್ದಳು, ಹತ್ತೊಂಬತ್ತು ಎಣಿಸಿ ಇಪ್ಪತ್ತು ಎಂದುಕೊಂಡಿದ್ದಳು. ಅಂಟು ಹಲಗೆಗೆ ತಾಗದಿರಲೆಂದು ಮೇಲೊಂದು ರದ್ದಿ ಹಾಳೆ ಇಟ್ಟು ಒತ್ತುವುದು ವಾಡಿಕೆ. ಪುಸ್ತಕದ ಕೊನೆಯ ಪುಟ ಖಾಲಿ, ಹಳದಿಗಟ್ಟಿತ್ತು. ನೋಡಿದರೆ ರದ್ದಿಯ ಹಾಗೇ ಇತ್ತು. ಅದನ್ನೇ ಇಟ್ಟಿದ್ದಳು. ಹೊಲಿಯದೇ ಇದ್ದ ಹಾಳೆಯ ಬುಡ ಎಲ್ಲಿಂದ ಉಳಿಯಬೇಕು? ಬ್ಲೇಡೂ ಇಲ್ಲ, ಪಳಗಿದ ಕೈಯೂ ಇಲ್ಲ.

ಅವಳು ಬಾಗಿಲಿಗೆ ಚಿಲಕ ಹಾಕಿದಳು. ಒದ್ದೆ ಬಟ್ಟೆ ಇಟ್ಟು ಫಾರಂ ಬಿಡಿಸಿ, ಒಣಗಿಸಿ, ಓದಿದಳು. ಕಿಟಕಿ ತೆರೆದಿಟ್ಟು ಹಿಟ್ಟು ಕೆಡಿಸಿದ್ದವನು ಗಿರಣಿಯ ಯಜಮಾನನೇ. ಸಾಯುವ ಹೊತ್ತಿಗೆ ಮಂಚದ ಸುತ್ತ ಊರನ್ನೆಲ್ಲ ಸೇರಿಸಿ ಹೇಳಿಬಿಡುತ್ತಾನೆ. ಜನ ಅಳುತ್ತಾರೆ. ಅವಳಿಗೆ ಸಿಟ್ಟು ಬಂತು. ಆಮೇಲೆ ಹೇಳಿದರೆ ಯಾರಿಗೆ ಏನು ಬಂತು, ಅಲ್ಲಿಯವರೆಗೆ ಗಂಟೆ ಹೊತ್ತವನ ಸೊಂಟ ಏನಾಗಿರಬೇಕು ಎಂದು. ಸಿಟ್ಟು ಇಳಿದ ಮೇಲೆ ಬುಟ್ಟಿಯ ಕಡೆ ನೋಡಿದಳು. ಮಗು ನಿದ್ದೆ ಹೋಗಿತ್ತು.

ಕಾಯಂ ಆದೇಶ ತಿಂಗಳೊಳಗೆ ಬರಬೇಕಿತ್ತು. ಅವಳಿಗಿಂತ ಮುಂಚೆ ಇದ್ದ ಬೈಂಡರನನ್ನು ಒಂದೇ ಒಂದು ಪುಸ್ತಕ ತಲೆಕೆಳಗಾಗಿ ಕಟ್ಟಿದ್ದಕ್ಕೆ ಕಳಿಸಿದ್ದರು. ಹೇಳಿದರೆ ಕೆಲಸ ಹೋಗುತ್ತದೆ, ಬುಟ್ಟಿ ಹೋಗುತ್ತದೆ, ಓರಗಿತ್ತಿಯ ಬಾಗಿಲ ಬೀಗ ಮತ್ತೆ ಬರುತ್ತದೆ. ಹೇಳದಿದ್ದರೆ ದಿನಾ ಬೆಳಿಗ್ಗೆ ಹೆಬ್ಬಾಗಿಲ ಆ ಗಾಜಿನ ಹಲಗೆಯ ಮುಂದೆ ಹಾಯಬೇಕು, ಗ್ರಂಥಾಲಯಕ್ಕೆ ಬೇರೆ ಬಾಗಿಲಿಲ್ಲ.

ಮೇಡಂ ಬರುವುದನ್ನು ನಿಲ್ಲಿಸಲಿಲ್ಲ. ಅದೇ ಇಸ್ತ್ರಿ ಸೀರೆ, ಅದೇ ಕನ್ನಡಕ. ಹಾಲಿನ ಮೂಲೆಯಲ್ಲಿ ಕೂತು ಪೇಪರನ್ನು ಜಾಹೀರಾತೂ ಬಿಡದೆ ಓದುತ್ತಿದ್ದರು. ಪಕ್ಕದ ಕುರ್ಚಿಯವರು ಎದ್ದು ಬೇರೆ ಕಡೆ ಹೋಗುತ್ತಿದ್ದರು. ಶನಿವಾರದ ಮಾತು ನಿಂತಿತು. ಅಂಟಿನಕ್ಕ ಡಬ್ಬಿ ಬಿಚ್ಚಿ ಎರಡು ತುತ್ತು ತಿಂದು ಮುಚ್ಚಿಡುತ್ತಿದ್ದಳು.

ಹನ್ನೆರಡನೆಯ ದಿನ ಅವಳಿಗೊಂದು ದಾರಿ ಹೊಳೆಯಿತು. ಪುಟ ಸಿಕ್ಕಿಬಿಟ್ಟರೆ ತಪ್ಪೇ ಇಲ್ಲವಲ್ಲ. ಊಟದ ಹೊತ್ತಿನಲ್ಲಿ ಕಪಾಟಿನ ಬಳಿ ಹೋಗಿ, ಆ ಪುಸ್ತಕದೊಳಗೆ ಫಾರಂ ತೂರಿಸಿಟ್ಟು ಬಂದಳು. ಮಾರನೆಯ ದಿನ ಸ್ಟಾಂಪಣ್ಣನ ಕೈಗೇ ಅದು ಸಿಕ್ಕಿತು. ಆದರೆ ಅವನು ಕೂಗಿದ್ದು ಬೇರೆ ಥರ. "ತಂದಿಟ್ಟಿದ್ದಾರೆ ಸರ್. ದಿನಾ ಹಾಲಲ್ಲಿ ಕೂತಿದ್ದು ಯಾಕೆ ಅಂದ್ಕೊಂಡ್ರಿ, ಪೇಪರ್ ಓದೋಕಾ?"

ಸಾಹೇಬರಿಗೆ ಅದು ತಪ್ಪೊಪ್ಪಿಗೆಯಂತೆಯೇ ಕಂಡಿತು. ತಪ್ಪಿಲ್ಲದವರು ಗುಟ್ಟಾಗಿ ಯಾಕೆ ತಂದಿಡುತ್ತಾರೆ? ಇನ್ನು ಮೇಡಂ ಹಾಲಿಗೂ ಬರಬಾರದೆಂದು ಆಯಿತು. ದೊಡ್ಡದೊಂದು ರಟ್ಟು ಬೇಕಾಯಿತು. ಹೆಸರಿನ ಕೆಳಗೆ "ಕದ್ದು, ಹಿಂದಿರುಗಿಸಿದವರು" ಎಂದು ಬರೆಯಲು. ಅಂಟಿನಕ್ಕ ಬರೆದಳು. ಮೊದಲ ಸಲ ಅಕ್ಷರ ಸೊಟ್ಟಗಾಯಿತು. ಸಾಹೇಬರು ಇನ್ನೊಂದು ಬರೆಸಿದರು. ಫಾರಂ ಅನ್ನು ಅದರ ಜಾಗಕ್ಕೆ ಹೊಲಿಯಲು ಪುಸ್ತಕವೂ ಅವಳ ಮೇಜಿಗೇ ಬಂತು. ಇಪ್ಪತ್ತು ಎಂದು ಎಣಿಸಿ ಹೊಲಿದಳು. ಕಳಚಿಕೊಳ್ಳಲು ಹಾಕಿದ ಹೆಜ್ಜೆ ಗಂಟನ್ನು ಇನ್ನೂ ಬಿಗಿದಿತ್ತು.

ಮರುದಿನದಿಂದ ಮೇಡಂ ರಸ್ತೆಯಾಚೆ, ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂರತೊಡಗಿದರು. ಬೈಂಡಿಂಗ್ ಕೋಣೆಯ ಕಿಟಕಿಗೆ ಅದು ನೇರ ಎದುರು. ಮನೆಯಿಂದ ತಂದ ಪುಸ್ತಕ ಓದುತ್ತಾ ಹತ್ತರಿಂದ ಒಂದರವರೆಗೆ ಕೂರುತ್ತಿದ್ದರು. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅಂಟಿನಕ್ಕ ಕಿಟಕಿಗೆ ಬೆನ್ನು ಮಾಡಿ ಮೇಜು ತಿರುಗಿಸಿಕೊಂಡಳು. ಬೆಳಕು ಸಾಲದೆ ಸೂಜಿ ಬೆರಳಿಗೆ ಚುಚ್ಚಿತು. ಮತ್ತೆ ಮೊದಲಿನಂತೆ ತಿರುಗಿಸಿದಳು.

ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದಳು. "ಆರ್ಡರ್ ಕೈಗೆ ಬರಲಿ. ಕಾಯಂ ಆದೋರನ್ನ ಹಂಗೆಲ್ಲ ಸುಲಭಕ್ಕೆ ತೆಗೆಯಕ್ಕಾಗಲ್ಲ" ಎಂದ. ಕೆಟ್ಟವನಲ್ಲ ಅವನು, ಮಗುವಿನ ತಂದೆ. ಅವಳು ತಾನೂ ಅದನ್ನೇ ಲೆಕ್ಕ ಹಾಕುತ್ತಿದ್ದುದು ಅವನ ಬಾಯಲ್ಲಿ ಬಂದಾಗ ಮಾತ್ರ ಕೇಳಲು ನಾಚಿಕೆಯಾಯಿತು.

ಇಪ್ಪತ್ತೊಂಬತ್ತನೆಯ ದಿನ ಆದೇಶ ಬಂತು. ಸಾಹೇಬರೇ ಓದಿ ಹೇಳಿದರು, "ಅಚ್ಚುಕಟ್ಟಾದ ಕೆಲಸವನ್ನು ಪರಿಗಣಿಸಿ." ಸ್ಟಾಂಪಣ್ಣ ಚಪ್ಪಾಳೆ ತಟ್ಟಿದ. ಅವಳು ಸಹಿ ಹಾಕಿದಳು. ಅಂದು ಸಂಜೆ ಮಗುವಿಗೆ ಅನ್ನ ಕಲಸಿ ತಿನ್ನಿಸಿ, ಬೇಗ ಮಲಗಿಸಿದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದಳು. ಹಳದಿ ರಟ್ಟು ಕತ್ತರಿಸಿದಳು. ತನ್ನ ಪೂರ್ತಿ ಹೆಸರು ಬರೆದಳು. ಅದರ ಕೆಳಗೆ: "ಫಾರಂ ತಪ್ಪಾಗಿ ಎಣಿಸಿ ಹೊಲಿದವಳು. ಗೊತ್ತಿದ್ದೂ ಇಪ್ಪತ್ತಾರು ದಿನ ಹೇಳದವಳು." ಹಲಗೆಯ ಬೀಗ ತೆಗೆದು, ಮೇಡಂ ರಟ್ಟನ್ನು ಇಳಿಸಿ, ತನ್ನದನ್ನು ಹಾಕಿದಳು. ಮಗು ಗಾಜನ್ನು ತಟ್ಟಿ ನೋಡಿತು.

ಸಾಹೇಬರು ಕೂಗಾಡಲಿಲ್ಲ, ಕೂಗಾಡಿದ್ದರೆ ಹಗುರವಾಗುತ್ತಿತ್ತು. ಕೆಲಸದಿಂದ ತೆಗೆಯಲು ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಅದು ಅವಳಿಗೆ ಗೊತ್ತಿತ್ತು ಎಂಬುದೂ ಗೊತ್ತಾಯಿತು. ರಟ್ಟು ನಿಯಮದಂತೆ ಒಂದು ವರ್ಷ ಇರಲಿ ಎಂದರು. ಮಗು ಮಾತ್ರ ಇವತ್ತಿನಿಂದ ಕಟ್ಟಡದೊಳಗೆ ಬೇಡ ಎಂದರು. ಹೊರಗೆ ಸ್ಟಾಂಪಣ್ಣ ಅವಳ ಕಡೆ ನೋಡದೆ, ಏನೂ ಇಲ್ಲದ ಹಾಳೆಯ ಮೇಲೆ ತಾರೀಕು ಒತ್ತುತ್ತಾ ಕೂತಿದ್ದ.

ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ರಸ್ತೆ ದಾಟಿದಳು. ಮೇಡಂ ಪುಸ್ತಕದಿಂದ ತಲೆಯೆತ್ತಿದರು. ಅವಳು ಸೀಳುಬಿಟ್ಟ ಹಲಗೆ, ಜ್ವರ, ರದ್ದಿ, ಬ್ಲೇಡು ಎಂದ ಮಾತು, ತೂರಿಸಿಟ್ಟ ಫಾರಂ, ಆದೇಶ ಎಲ್ಲವನ್ನೂ ಹೇಳಿದಳು. ಮೇಡಂ ಕೋರ್ಟಿನಲ್ಲಿ ಕೂತವರಂತೆ ನಡುವೆ ಬಾಯಿ ಹಾಕದೆ ಕೇಳಿದರು.

"ನಾನು ಎಣಿಸಿದ್ದು ಮೂವತ್ತು ದಿನ" ಎಂದರು ಕೊನೆಗೆ.

"ಮೊದಲ ನಾಲ್ಕು ದಿನ ನಂಗೆ ಗೊತ್ತಿರಲಿಲ್ಲ ಮೇಡಂ."

"ಆರ್ಡರ್ ಬರೋವರೆಗೂ ಕಾದೆ."

"ಹೂಂ. ಕಾದೆ."

ಮೇಡಂ ಮಗುವಿನ ಕಡೆ ನೋಡಿದರು. ಮಗು ಅವರ ಕನ್ನಡಕಕ್ಕೆ ಕೈ ಚಾಚಿತು. ಅವರು ತಲೆ ಹಿಂದೆ ಸರಿಸಿಕೊಂಡರು.

"ಆ ನಾಲ್ಕು ದಿನ ನಿಂದಲ್ಲ" ಎಂದರು. "ಮಿಕ್ಕಿದ್ದೆಲ್ಲ ನಿಂದೇ."

ಪುಸ್ತಕ ಚೀಲಕ್ಕೆ ಹಾಕಿ, ಸೀರೆಯ ನೆರಿಗೆ ಸರಿಪಡಿಸಿಕೊಂಡು, ರಸ್ತೆ ದಾಟಿ ಗ್ರಂಥಾಲಯದ ಮೆಟ್ಟಿಲು ಹತ್ತಿದರು. ಹಲಗೆಯ ಮುಂದೆ ನಿಂತು ಓದಿದರು. ಎರಡು ಸಲ ಓದಿದರೇನೋ, ಅಷ್ಟು ಹೊತ್ತಾಯಿತು. ಆಮೇಲೆ ಒಳಗೆ ಹೋದರು.

ಬಸ್ಸು ಬಂದು ನಿಂತಿತು. ಅದು ಓರಗಿತ್ತಿಯ ಬೀದಿಗೆ ಹೋಗುವ ಬಸ್ಸು. ಮಗುವನ್ನು ಅಲ್ಲಿ ಬಿಟ್ಟು ಹನ್ನೊಂದಕ್ಕೆ ವಾಪಸ್ಸು ಬರಬೇಕು, ಆ ಬಾಗಿಲಲ್ಲೇ ಹಾಯಬೇಕು, ನಾಳೆಯೂ, ನಾಡಿದ್ದೂ. ಕೆಲಸ ಕಾಯಂ ಆಗಿತ್ತಲ್ಲ. ಒಲೆಯ ಬಳಿ ಮಗುವನ್ನು ದೂರ ಇಡಲು ಒಂದು ಅಡ್ಡಗಟ್ಟೆ ಕಟ್ಟಿಸಿಕೊಟ್ಟರೆ ಬೀಗ ಬೇಕಾಗಲಾರದು ಎಂದು ಯೋಚಿಸುತ್ತಾ, ಮಗುವಿನ ಬೆರಳಿಗೆ ಅಂಟಿದ್ದ ಹಳದಿ ರಟ್ಟಿನ ಚೂರನ್ನು ಕಿತ್ತು ಒಗೆದು, ಅವಳು ಬಸ್ಸು ಹತ್ತಿದಳು.