ಹೊಗೆಗೆ ಚೀಟಿ ಇಲ್ಲ
ಬೋಲ್ಗಟಾಂಗದ ಸಂತೆಯಲ್ಲಿ ಆಡು ಕೊಯ್ದು ಕೂದಲು ಸುಡುವ ಅಕೋಲ್ಗೊನನ್ನು ಹುಡುಕಬೇಕಾಗಿಲ್ಲ, ಕಪ್ಪು ಹೊಗೆಯೇ ದಾರಿ ತೋರಿಸುತ್ತದೆ. ಸೌದೆ ತುಟ್ಟಿ, ಹಳೇ ಟೈರು ಬಿಟ್ಟಿ. ಅವನು ಟೈರನ್ನೇ ಉರಿಸುವುದರಿಂದ ಅವನ ಮಾಂಸ ಎಲ್ಲರಿಗಿಂತ ಅಗ್ಗ, ಗಿರಾಕಿಗಳೆಲ್ಲ ಅವನ ಹತ್ತಿರವೇ. ಪಕ್ಕದಲ್ಲಿ ಸಜ್ಜೆ ಗಂಜಿ ಮಾರುತ್ತಿದ್ದ ಲಮಿಸಿ, "ಅಣ್ಣಾ, ನೀನು ಅಗ್ಗಕ್ಕೆ ಮಾರ್ತೀಯ, ಉಳಿದ ಬೆಲೆ ನನ್ನ ಎದೆ ಕೊಡ್ತಾ ಇದೆ ಕಣೋ" ಎಂದು ಕೆಮ್ಮಿದರೆ, ಟೋಪಿಗೆ ಸಿಕ್ಕಿಸಿದ ಸುಂಕದ ಚೀಟಿ ತೆಗೆದು ತೋರಿಸುತ್ತಿದ್ದ: "ಆಡಿಗೆ ಕಟ್ಟಿದೀನಿ, ಜಾಗಕ್ಕೂ ಕಟ್ಟಿದೀನಿ. ಹೊಗೆಗೆ ಚೀಟಿ ಎಲ್ಲಿ ಕೊಡ್ತಾರೆ ಹೇಳಮ್ಮ, ಅದನ್ನೂ ಕಟ್ತೀನಿ!" ಸಂತೆಯೆಲ್ಲ ನಗುತ್ತಿತ್ತು, ಲಮಿಸಿಯೂ ನಗಲು ಹೋಗಿ ಇನ್ನಷ್ಟು ಕೆಮ್ಮುತ್ತಿದ್ದಳು. ಮೊನ್ನೆ ಅವಳ ಸಾವಿನ ಊಟಕ್ಕೆ ಅವನೇ ಆಡು ಕೊಟ್ಟ. ಅದನ್ನು ಸೌದೆಯಲ್ಲಿ ಸುಡುತ್ತಿರುವುದನ್ನು ಕಂಡು ನಾವು ಬೆರಗಾದರೆ, ಅವನ ಹೆಂಡತಿ, "ಇದರಲ್ಲೇನಿದೆ? ನಮ್ಮನೇಲಿ ತಿನ್ನೋದನ್ನ ಯಾವತ್ತೂ ಸೌದೇಲೇ ಸುಡೋದು" ಎಂದಳು.